ಕಂಪ್ಯೂಟರಿಗೆ ಮಾತು ಕಲಿಸಿದ ಗ್ರೇಸ್ ಹಾಪರ್



ನಮ್ಮ ಗೋಡೆ ಪತ್ರಿಕೆಯಲ್ಲಿ ಪ್ರತಿ ಸಂಚಿಕೆಗೂ ಒಬ್ಬ ಮಹನೀಯರ ಜೀವನ ಬರೆಯುವುದು ರೂಢಿ. ಗಾಂಧೀಜಿ, ವಿಶ್ವೇಶ್ವರಯ್ಯ, ಮೇಡಂ ಕ್ಯೂರಿ ಎಲ್ಲರೂ ಆಗಿ ಹೋದರು. ಈ ಸಲ ನನ್ನ ಸರದಿ. ನಾನು ಗ್ರೇಸ್ ಹಾಪರ್ ಅವರನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣವೂ ಇದೆ. ಕಂಪ್ಯೂಟರ್ ಪೀರಿಯಡ್ ಬಂತು ಅಂದ್ರೆ ನಮ್ಮಲ್ಲಿ ಅರ್ಧ ಜನ ಹಿಂದಿನ ಸಾಲಿಗೆ ಸರಿದು ಕೂರ್ತೀವಿ. ಚಿತ್ರ ಬಿಡಿಸು ಅಂದ್ರೆ ಬಿಡಿಸ್ತೀವಿ, ಆಟ ಆಡು ಅಂದ್ರೆ ಆಡ್ತೀವಿ. ಪ್ರೋಗ್ರಾಮ್ ಬರೆಯೋಣ ಅಂದ ಕೂಡಲೇ ಅದು ಇಂಗ್ಲಿಷ್ ಬಲ್ಲವರ ಕೆಲಸ, ಕನ್ನಡ ಮೀಡಿಯಂನವರಿಗೆ ಅಲ್ಲ ಅಂತ ಸುಮ್ಮನಾಗ್ತೀವಿ. ಕಂಪ್ಯೂಟರಿಗೆ ಇಂಗ್ಲಿಷ್ ಎಲ್ಲಿಂದ ಬಂತು, ಯಾರು ಕಲಿಸಿದರು, ಅದಕ್ಕೆ ಬೇರೆ ಭಾಷೆ ಕಲಿಸೋಕೆ ಆಗುತ್ತಿರಲಿಲ್ಲವೇ ಎಂಬ ಪ್ರಶ್ನೆಗಳಿಗೆಲ್ಲ ಈ ಒಬ್ಬ ಮಹಿಳೆಯ ಜೀವನದಲ್ಲಿ ಉತ್ತರ ಇದೆ. ಹಾಗಾಗಿ ಸ್ವಲ್ಪ ಉದ್ದವಾದರೂ ಬೇಸರ ಮಾಡದೆ ಓದಿರಿ.

ಗ್ರೇಸ್ ಹುಟ್ಟಿದ್ದು 1906ನೇ ಇಸವಿ ಡಿಸೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ತಂದೆ ವಾಲ್ಟರ್ ಮರ್ರೆ, ವಿಮೆ ವ್ಯವಹಾರ ಮಾಡುತ್ತಿದ್ದವರು. ತಾಯಿ ಮೇರಿ, ಗಣಿತ ಅಂದರೆ ಪ್ರೀತಿ ಇದ್ದವರು. ಮೂರು ಮಕ್ಕಳಲ್ಲಿ ಗ್ರೇಸ್ ಹಿರಿಯಳು. ತಂದೆಗೆ ರಕ್ತನಾಳದ ಕಾಯಿಲೆ ಬಂದು ಕಾಲು ಕತ್ತರಿಸಬೇಕಾಯಿತು. ನಾಳೆ ತಾನು ಇಲ್ಲದಿದ್ದರೂ ಹೆಣ್ಣುಮಕ್ಕಳು ದುಡಿದು ಬದುಕುವಂತಿರಬೇಕು ಅಂತ ಅವರು ಮಗನಿಗೆ ಓದಿಸಿದಷ್ಟೇ ಹೆಣ್ಣುಮಕ್ಕಳಿಗೂ ಓದಿಸಲು ಹಟ ಹಿಡಿದರು. ನೂರು ವರ್ಷದ ಹಿಂದಿನ ಮಾತು ಇದು, ನೆನಪಿರಲಿ.

ಏಳು ವರ್ಷದವಳಿದ್ದಾಗ ಈ ಹುಡುಗಿ ಮಾಡಿದ ಕೆಲಸ ಕೇಳಿದರೆ ನಮ್ಮನೇಲಾದರೆ ಬೆನ್ನಿಗೆ ಬೀಳುತ್ತಿತ್ತು. ಬೇಸಿಗೆ ರಜೆಗೆ ಅವರು ಹೋಗುತ್ತಿದ್ದ ಮನೆಯಲ್ಲಿ ಏಳು ಅಲಾರಂ ಗಡಿಯಾರಗಳಿದ್ದವು. ಗಂಟೆ ಹೇಗೆ ಬಾರಿಸುತ್ತದೆ ಅಂತ ತಿಳಿಯೋಕೆ ಒಂದನ್ನು ಬಿಚ್ಚಿದಳು. ತಿರುಗಿ ಜೋಡಿಸೋಕೆ ಬರಲಿಲ್ಲ. ಇನ್ನೊಂದನ್ನು ನೋಡಿಕೊಂಡು ಜೋಡಿಸೋಣ ಅಂತ ಅದನ್ನೂ ಬಿಚ್ಚಿದಳು. ಹೀಗೆ ಏಳೂ ಗಡಿಯಾರ ಚಾಪೆಯ ಮೇಲೆ ಒಗ್ಗರಣೆ ಸಾಮಾನಿನ ಹಾಗೆ ಹರಡಿಕೊಂಡವು. ತಾಯಿ ಬಂದು ನೋಡಿದರು. ಹೊಡೆಯಲಿಲ್ಲ. ಇನ್ನು ಮೇಲೆ ಒಂದೇ ಒಂದು ಗಡಿಯಾರ ಬಿಚ್ಚಬಹುದು ಅಂತ ಮಿತಿ ಹಾಕಿದರು, ಅಷ್ಟೆ.

ಓದಿನಲ್ಲಿ ಜಾಣೆ. ಆದರೂ ಹದಿನಾರನೇ ವಯಸ್ಸಿನಲ್ಲಿ ವ್ಯಾಸರ್ ಎಂಬ ಮಹಿಳಾ ಕಾಲೇಜು ಸೇರಲು ಹೋದಾಗ ಲ್ಯಾಟಿನ್ ಭಾಷೆಯ ಪರೀಕ್ಷೆಯಲ್ಲಿ ಅಂಕ ಸಾಲದೆ ಸೀಟು ಸಿಗಲಿಲ್ಲ. ಗಣಿತದಲ್ಲಿ ಅಲ್ಲ, ಭಾಷೆಯಲ್ಲಿ! ಮುಂದೆ ಇಡೀ ಪ್ರಪಂಚದ ಕಂಪ್ಯೂಟರುಗಳಿಗೆ ಭಾಷೆ ಕಲಿಸಿದವರು ಇವರೇ ಎನ್ನುವುದನ್ನು ಭಾಷೆಯಲ್ಲಿ ಕಡಿಮೆ ಅಂಕ ತೆಗೆಯುವ ನಮ್ಮಂಥವರು ಗಮನಿಸಬೇಕು. ಒಂದು ವರ್ಷ ಕಾದು ಮತ್ತೆ ಪರೀಕ್ಷೆ ಬರೆದು ಸೇರಿದರು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, 1930ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಎಂ.ಎ., 1934ರಲ್ಲಿ ಅಲ್ಲೇ ಗಣಿತದಲ್ಲಿ ಡಾಕ್ಟರೇಟ್. 1930ರಲ್ಲೇ ವಿನ್ಸೆಂಟ್ ಹಾಪರ್ ಎಂಬುವರ ಜೊತೆ ಮದುವೆ. 1945ರಲ್ಲಿ ಅವರಿಬ್ಬರೂ ಬೇರೆಯಾದರು. ಮಕ್ಕಳಿರಲಿಲ್ಲ. ಹಾಪರ್ ಎಂಬ ಹೆಸರು ಮಾತ್ರ ಕೊನೆಯವರೆಗೂ ಉಳಿಯಿತು.

1931ರಿಂದ ಅವರು ತಾವು ಓದಿದ ವ್ಯಾಸರ್ ಕಾಲೇಜಿನಲ್ಲೇ ಗಣಿತ ಮೇಡಂ ಆದರು. ನಮ್ಮ ಮೇಷ್ಟ್ರುಗಳಿಗೆ ಇಷ್ಟವಾಗಬಹುದಾದ ಒಂದು ವಿಷಯ ಹೇಳ್ತೀನಿ. ಅವರು ಗಣಿತದ ತರಗತಿಯಲ್ಲೂ ಪ್ರಬಂಧ ಬರೆಸುತ್ತಿದ್ದರು. ಸೂತ್ರ ಬರೆದರೆ ಸಾಲದು, ಅದರ ಅರ್ಥವನ್ನು ನಾಲ್ಕು ಜನಕ್ಕೆ ತಿಳಿಯುವ ಹಾಗೆ ವಾಕ್ಯದಲ್ಲಿ ಬರೆಯಿರಿ ಅನ್ನುತ್ತಿದ್ದರು. ಇದು ಗಣಿತ ಕ್ಲಾಸು, ಭಾಷೆ ಕ್ಲಾಸಲ್ಲ ಅಂತ ವಿದ್ಯಾರ್ಥಿನಿಯರು ತಕರಾರು ತೆಗೆದರೂ ಬಿಡುತ್ತಿರಲಿಲ್ಲವಂತೆ.

1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿ ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯಿತು. ಗ್ರೇಸ್ ನೌಕಾಪಡೆ ಸೇರಬೇಕು ಅಂತ ಹೊರಟರು. ಅವರ ಮುತ್ತಜ್ಜ ಒಬ್ಬರು ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್ ಆಗಿದ್ದವರು, ಆ ಆಸೆ ಮನಸ್ಸಿನಲ್ಲಿತ್ತು. ಆದರೆ ವಯಸ್ಸು ಮೂವತ್ತು ದಾಟಿತ್ತು. ತೂಕ ಬೇರೆ ನೌಕಾಪಡೆಯ ಲೆಕ್ಕಕ್ಕಿಂತ ಸುಮಾರು 7 ಕೆ.ಜಿ. ಕಡಿಮೆ, ಕಡ್ಡಿಯಂಥ ಮೇಡಂ. ಅವರು ಬಿಡದೆ ವಿಶೇಷ ಅನುಮತಿ ಪಡೆದು 1943ರ ಡಿಸೆಂಬರಿನಲ್ಲಿ ಸೇರಿಯೇ ಬಿಟ್ಟರು. ತರಬೇತಿಯಲ್ಲಿ ಅವರ ತಂಡಕ್ಕೇ ಮೊದಲಿಗರಾದರು. ಹಡಗಿಗೆ ಕಳಿಸ್ತಾರೆ ಅಂತ ಕಾದಿದ್ದವರನ್ನು 1944ರ ಜುಲೈನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ನೆಲಮಾಳಿಗೆಗೆ ಕಳಿಸಿದರು. ಅಲ್ಲಿತ್ತು ಮಾರ್ಕ್ ಒಂದು ಎಂಬ ಯಂತ್ರ. ಹೊವರ್ಡ್ ಏಕನ್ ಎಂಬುವರು ಯೋಚಿಸಿ, ಐಬಿಎಂ ಕಂಪನಿ ಕಟ್ಟಿಕೊಟ್ಟದ್ದು.

ಈ ಯಂತ್ರದ ಬಗ್ಗೆ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಇವತ್ತಿನ ಕಂಪ್ಯೂಟರ್ ನೋಡಿದವರಿಗೆ ಇದು ಊಹೆಗೂ ಬರುವುದಿಲ್ಲ. ಉದ್ದ 51 ಅಡಿ, ಎತ್ತರ 8 ಅಡಿ. ನಮ್ಮ ಎಂಟನೇ ತರಗತಿ, ಒಂಬತ್ತನೇ ತರಗತಿ ಎರಡೂ ಕೋಣೆಗಳನ್ನು ಒಂದರ ಪಕ್ಕ ಒಂದು ಇಟ್ಟರೂ ಅದು ಹಿಡಿಸುವುದಿಲ್ಲ. ತೂಕ ಸುಮಾರು 5 ಟನ್. ಒಳಗೆ ಚಕ್ರ, ಹಲ್ಲು, ಸ್ವಿಚ್ಚು, ನೂರಾರು ಮೈಲಿ ತಂತಿ. ಇಷ್ಟೆಲ್ಲ ಇದ್ದೂ ಅದು ಒಂದು ಸೆಕೆಂಡಿಗೆ ಮಾಡುತ್ತಿದ್ದದ್ದು ಮೂರು ಕೂಡುವ ಲೆಕ್ಕ. ಗುಣಾಕಾರಕ್ಕೆ ಸುಮಾರು 6 ಸೆಕೆಂಡು, ಭಾಗಾಕಾರಕ್ಕೆ 15 ಸೆಕೆಂಡು. ಆದರೆ ನಿದ್ದೆ ಮಾಡದೆ, ಊಟ ಕೇಳದೆ, ಹಗಲೂ ರಾತ್ರಿ ದುಡಿಯುತ್ತಿತ್ತು.

ಅದಕ್ಕೆ ಕೀಲಿಮಣೆ, ಪರದೆ ಯಾವುದೂ ಇರಲಿಲ್ಲ. ಪ್ರೋಗ್ರಾಮ್ ಅಂದರೆ ಒಂದು ಉದ್ದನೆಯ ಕಾಗದದ ಪಟ್ಟಿ. ಪಟ್ಟಿಯ ಅಡ್ಡಕ್ಕೆ 24 ತೂತುಗಳಿಗೆ ಜಾಗ. ಎಂಟೆಂಟರ ಮೂರು ಗುಂಪು. ಒಂದು ಗುಂಪಿನ ತೂತುಗಳು ಸಂಖ್ಯೆಯನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಅಂತ ಹೇಳುತ್ತವೆ, ಇನ್ನೊಂದು ಎಲ್ಲಿ ಇಡಬೇಕು ಅಂತ, ಮತ್ತೊಂದು ಏನು ಮಾಡಬೇಕು ಅಂತ. ಒಂದು ಅಡ್ಡ ಸಾಲು ಅಂದರೆ ಒಂದು ಆಜ್ಞೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಬೇಕಾದರೆ ಪಟ್ಟಿಯ ಎರಡು ತುದಿಯನ್ನೂ ಅಂಟಿಸಿ ಬಳೆಯ ಹಾಗೆ ಮಾಡುತ್ತಿದ್ದರು. ಪಟ್ಟಿ ಸುತ್ತುತ್ತಾ ಇದ್ದಷ್ಟೂ ಲೆಕ್ಕ ನಡೆಯುತ್ತಾ ಇರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗ್ರೇಸ್ ಈ ಯಂತ್ರವನ್ನು ಕಲಿತು, ಅದಕ್ಕೆ ಪ್ರೋಗ್ರಾಮ್ ಬರೆದ ಮೊದಲ ಕೆಲವೇ ಜನರಲ್ಲಿ ಒಬ್ಬರಾದರು. ಅಷ್ಟೇ ಅಲ್ಲ, ಏಕನ್ ಹೇಳಿದರು ಅಂತ ಅದರ ಬಗ್ಗೆ 500 ಪುಟಕ್ಕೂ ದೊಡ್ಡ ಕೈಪಿಡಿಯನ್ನೇ ಬರೆಯುವ ಕೆಲಸ ಹೊತ್ತರು. ಅದು 1946ರಲ್ಲಿ ಅಚ್ಚಾಯಿತು. ಯುದ್ಧಕಾಲದಲ್ಲಿ ಆ ಯಂತ್ರ ಮಾಡಿದ ಲೆಕ್ಕಗಳಲ್ಲಿ ಒಂದು ಅಣುಬಾಂಬಿಗೆ ಸಂಬಂಧಿಸಿದ್ದು. ಅದು ಯಾತಕ್ಕೆ ಅಂತ ಅಲ್ಲಿ ಕೆಲಸ ಮಾಡುತ್ತಿದ್ದವರಿಗೆ ಆಗ ಹೇಳಿರಲಿಲ್ಲ. ಮಹನೀಯರ ಜೀವನ ಬರೆಯುವಾಗ ಇಂಥದ್ದನ್ನು ಬಿಟ್ಟುಬಿಡುವುದು ವಾಡಿಕೆ. ನನಗೆ ಬಿಡಲು ಮನಸ್ಸಾಗಲಿಲ್ಲ.

ಈಗ ಎಲ್ಲರೂ ಹೇಳುವ ಪತಂಗದ ಕತೆ. ಪ್ರೋಗ್ರಾಮಿನಲ್ಲಿ ತಪ್ಪು ಬಂದರೆ ಅದಕ್ಕೆ ಬಗ್ ಅಂತಾರೆ, ಅಂದರೆ ಹುಳ. 1947ರ ಸೆಪ್ಟೆಂಬರ್ 9ರಂದು ಮಾರ್ಕ್ ಎರಡು ಯಂತ್ರ ಕೆಟ್ಟು ನಿಂತಾಗ ಬಿಚ್ಚಿ ನೋಡಿದರೆ ಒಂದು ರಿಲೇ ಸ್ವಿಚ್ಚಿನಲ್ಲಿ ನಿಜವಾದ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಆ ಪುಟ ಇವತ್ತೂ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಪತಂಗ ಹಿಡಿದವರೇ ಗ್ರೇಸ್, ಬಗ್ ಎಂಬ ಮಾತು ಹುಟ್ಟಿಸಿದವರೇ ಅವರು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಎರಡೂ ಸರಿಯಲ್ಲ. ಆ ಮಾತು ಎಡಿಸನ್ ಕಾಲದಲ್ಲೇ ಇತ್ತು. ಗ್ರೇಸ್ ಆ ಕತೆಯನ್ನು ಊರೂರಿನಲ್ಲಿ ಹೇಳಿ ಪ್ರಸಿದ್ಧಿ ಮಾಡಿದವರು. ಕತೆ ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

1949ರಲ್ಲಿ ಅವರು ಹಾರ್ವರ್ಡ್ ಬಿಟ್ಟು ಫಿಲಡೆಲ್ಫಿಯಾ ನಗರದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. ಅಲ್ಲಿ ಯುನಿವ್ಯಾಕ್ ಎಂಬ ಹೊಸ ಕಂಪ್ಯೂಟರ್ ತಯಾರಾಗುತ್ತಿತ್ತು. ಇದರಲ್ಲಿ ಚಕ್ರ ಇಲ್ಲ, ಸಾವಿರಾರು ನಿರ್ವಾತ ಕೊಳವೆಗಳು, ನಮ್ಮ ಹಳೆಯ ವಾಲ್ವ್ ರೇಡಿಯೋದಲ್ಲಿ ಇರುತ್ತಿದ್ದಂಥವು. 1951ರಲ್ಲಿ ಮೊದಲ ಯುನಿವ್ಯಾಕ್ ಅಮೆರಿಕದ ಜನಗಣತಿ ಇಲಾಖೆಗೆ ಹೋಯಿತು.

ಆ ಕಂಪನಿಯ ಇನ್ನೊಂದು ಯಂತ್ರಕ್ಕೆ ಎಂಟರ ಲೆಕ್ಕದಲ್ಲಿ ಆಜ್ಞೆ ಬರೆಯಬೇಕಿತ್ತು. ಎಂಟರ ಲೆಕ್ಕ ಅಂದರೆ, ಅಲ್ಲಿ 8, 9 ಎಂಬ ಅಂಕಿಗಳೇ ಇಲ್ಲ. 7 ಆದ ಮೇಲೆ ಸೀದಾ 10. ಗ್ರೇಸ್ ಅದರಲ್ಲಿ ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲ ಕಲಿತುಬಿಟ್ಟರು. ಸ್ವಲ್ಪ ದಿನದಲ್ಲಿ ಅವರ ಬ್ಯಾಂಕ್ ಲೆಕ್ಕ ತಾಳೆಯಾಗದೆ ಹೋಯಿತು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಅವರ ತಮ್ಮ ಕೂತು ಹುಡುಕಿದಾಗ, ಅಕ್ಕ ಅಲ್ಲಲ್ಲಿ ಮರೆತು ಎಂಟರ ಲೆಕ್ಕದಲ್ಲಿ ಕಳೆದಿದ್ದಾರೆ ಅಂತ ಗೊತ್ತಾಯಿತು. ಎಲ್ಲರೂ ನಕ್ಕರು. ಗ್ರೇಸ್ ಮಾತ್ರ ಬೇರೆ ಯೋಚನೆ ಮಾಡಿದರು. ಮನುಷ್ಯರು ಯಂತ್ರದ ಲೆಕ್ಕ ಕಲಿತು ತಮ್ಮ ಲೆಕ್ಕ ಮರೆಯುವುದಕ್ಕಿಂತ, ಯಂತ್ರವೇ ಮನುಷ್ಯರ ಮಾತು ಕಲಿತರೆ ಆಗದೇ?

ಇನ್ನೊಂದು ತೊಂದರೆಯೂ ಇತ್ತು. ಪ್ರೋಗ್ರಾಮ್ ಬರೆಯುವವರೆಲ್ಲ ತಮ್ಮ ನೋಟ್ ಬುಕ್ಕಿನಲ್ಲಿ ಕೆಲವು ತುಣುಕುಗಳನ್ನು ಬರೆದಿಟ್ಟುಕೊಂಡಿರುತ್ತಿದ್ದರು. ವರ್ಗಮೂಲ ತೆಗೆಯುವ ತುಣುಕು, ಇನ್ನೊಂದು ಲೆಕ್ಕದ ತುಣುಕು, ಹೀಗೆ. ಬೇಕಾದಾಗ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ಕಾಪಿ ಮಾಡಿಕೊಳ್ಳುವುದು. ಕಾಪಿ ಮಾಡುವಾಗ ಏನಾಗುತ್ತದೆ ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಇಂಗ್ಲಿಷಿನ ಬಿ ಅಕ್ಷರ 13 ಆಗುತ್ತಿತ್ತು, ಖಾಲಿ ಜಾಗ ತೋರಿಸುವ ತ್ರಿಕೋನದ ಗುರುತು 4 ಆಗುತ್ತಿತ್ತು. ಒಂದು ಅಕ್ಷರ ತಪ್ಪಿದರೆ ಇಡೀ ಪ್ರೋಗ್ರಾಮ್ ಕೆಟ್ಟು ಕೂರುತ್ತಿತ್ತು. ಕಾಪಿ ಮಾಡುವುದು ಯಂತ್ರಕ್ಕೆ ಬರುವ ಕೆಲಸ, ಅದನ್ನು ನಾವ್ಯಾಕೆ ಮಾಡಬೇಕು ಅಂತ ಗ್ರೇಸ್ ಯೋಚಿಸಿದರು.

ಅವರು ಮಾಡಿದ್ದು ಇಷ್ಟು. ಎಲ್ಲ ತುಣುಕುಗಳನ್ನೂ ಒಂದು ಟೇಪಿನಲ್ಲಿ ಹಾಕಿ, ಗ್ರಂಥಾಲಯದ ಪುಸ್ತಕಕ್ಕೆ ನಂಬರ್ ಕೊಟ್ಟ ಹಾಗೆ ಪ್ರತಿಯೊಂದಕ್ಕೂ ಒಂದು ಗುರುತು ಕೊಟ್ಟರು. ಪ್ರೋಗ್ರಾಮ್ ಬರೆಯುವವರು ಗುರುತುಗಳನ್ನು ಮಾತ್ರ ಬರೆದರೆ ಸಾಕು. ಕಂಪ್ಯೂಟರೇ ಟೇಪಿನಿಂದ ತುಣುಕುಗಳನ್ನು ಹುಡುಕಿ ತೆಗೆದು, ಜಾಗ ಹೊಂದಿಸಿ, ಪೂರಾ ಪ್ರೋಗ್ರಾಮನ್ನು ತಾನೇ ಜೋಡಿಸಿಕೊಳ್ಳುತ್ತದೆ. ಮದುವೆ ಮನೆಯಲ್ಲಿ ಭಟ್ಟರು ಸಹಾಯಕನಿಗೆ ಹುಳಿ ಮಾಡು ಅಂತಾರೆ ಅಷ್ಟೆ. ಬೇಳೆ ತೊಳಿ, ನೀರಿಡು, ಹುಣಸೆಹಣ್ಣು ಕಿವುಚು ಅಂತ ಒಂದೊಂದನ್ನೂ ಹೇಳುತ್ತಾರೆಯೇ? ಹಾಗೆ. ಈ ಕೆಲಸ ಮಾಡುವ ಪ್ರೋಗ್ರಾಮಿಗೆ ಅವರು ಕಂಪೈಲರ್ ಎಂಬ ಹೆಸರಿಟ್ಟರು. 1952ರಲ್ಲಿ ತಯಾರಾದ ಅದರ ಹೆಸರು ಎ-ಸೊನ್ನೆ.

ಜೋಡಿಸುವಾಗ ಒಂದು ಗಂಟು ಎದುರಾಯಿತು. ಇಲ್ಲಿಂದ ಮುಂದಿನ ಇಂಥ ಜಾಗಕ್ಕೆ ಜಿಗಿ ಅಂತ ಆಜ್ಞೆ ಇದ್ದರೆ, ಆ ಜಾಗ ಇನ್ನೂ ಜೋಡಣೆಯೇ ಆಗಿಲ್ಲವಲ್ಲ, ಎಲ್ಲಿಗೆ ಜಿಗಿಯುವುದು? ಕಾಲೇಜಿನ ಬಾಸ್ಕೆಟ್‌ಬಾಲ್ ಆಟ ಅವರಿಗೆ ನೆನಪಾಯಿತು. ಆಗಿನ ಹೆಂಗಸರ ಆಟದಲ್ಲಿ ಚೆಂಡು ಹಿಡಿದು ಮುಂದೆ ಓಡುವ ಹಾಗಿರಲಿಲ್ಲ. ಚೆಂಡನ್ನು ಜೊತೆಗಾರ್ತಿಗೆ ಎಸೆದು, ತಾನು ಮುಂದೆ ಓಡಿ, ಅಲ್ಲಿ ಮತ್ತೆ ಹಿಡಿಯಬೇಕು. ಅದೇ ಉಪಾಯವನ್ನು ಇಲ್ಲಿ ತಂದರು. ಮೆಮೊರಿಯ ಒಂದು ಮೂಲೆಯನ್ನು ಖಾಲಿ ಬಿಟ್ಟು, ಮೊದಲು ಅಲ್ಲಿಗೆ ಜಿಗಿಸಿ, ಸರಿಯಾದ ಜಾಗ ಗೊತ್ತಾದ ಮೇಲೆ ಅಲ್ಲಿಂದ ಅಲ್ಲಿಗೆ ಕಳಿಸಿದರು. ಆಟದ ಪೀರಿಯಡ್ ವ್ಯರ್ಥ ಅನ್ನುವವರು ಇದನ್ನು ಎರಡು ಸಲ ಓದಬೇಕು.

ಎ-ಸೊನ್ನೆ ತಯಾರಾದಾಗ ಹೆಚ್ಚಿನವರು ನಂಬಲಿಲ್ಲ. ಕಂಪ್ಯೂಟರ್ ಲೆಕ್ಕ ಮಾಡಬಲ್ಲದೇ ಹೊರತು ಪ್ರೋಗ್ರಾಮ್ ಬರೆಯಲಾರದು ಅಂತ ವಾದಿಸಿದರು. ಇವತ್ತಿನ ಕಂಪೈಲರಿನ ಮುಂದೆ ಎ-ಸೊನ್ನೆ ಚಿಕ್ಕ ಮಗು, ಅಂಬೆಗಾಲಿಡುತ್ತಿದ್ದದ್ದು ನಿಜ. ಆದರೆ ಎದ್ದು ನಿಲ್ಲುವ ದಾರಿ ಅದೇ ಆಗಿತ್ತು.

ಈಗ ನನಗೆ ಮುಖ್ಯ ಅನ್ನಿಸುವ ಭಾಗಕ್ಕೆ ಬಂದೆ. ಕಂಪ್ಯೂಟರ್ ಬರೀ ವಿಜ್ಞಾನಿಗಳ ಕೈಯಲ್ಲಿದ್ದರೆ ಸಾಲದು, ಸಂಬಳ ಬಟವಾಡೆ ಮಾಡುವವರು, ಉಗ್ರಾಣದ ಲೆಕ್ಕ ಬರೆಯುವವರೂ ಅದನ್ನು ಬಳಸಬೇಕು ಅಂತ ಗ್ರೇಸ್ ಆಸೆ. ಅವರಿಗೆ ಗಣಿತದ ಚಿಹ್ನೆ ಕಂಡರೆ ಆಗದು. ಹಾಗಾದರೆ ಕೂಡು, ಹೋಲಿಸು, ಬರೆ ಅಂತ ಮಾತಿನಲ್ಲೇ ಆಜ್ಞೆ ಕೊಡುವಂತೆ ಮಾಡೋಣ ಅಂತ ಹೊರಟರು. ಕಂಪ್ಯೂಟರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ, ಇದು ಆಗದ ಕೆಲಸ ಅಂತ ಮೇಲಿನವರು ಹೇಳಿದರು. ಅವರು ಹಟ ಬಿಡದೆ 1955ರ ಹೊತ್ತಿಗೆ ಒಂದು ಚಿಕ್ಕ ಮಾದರಿ ಮಾಡಿಯೇ ತೋರಿಸಿದರು. ಇಂಗ್ಲಿಷ್ ಪದಗಳಲ್ಲಿ ಬರೆದ ಪ್ರೋಗ್ರಾಮ್ ಓಡಿತು.

ಅಲ್ಲಿಗೆ ನಿಲ್ಲಿಸಿದ್ದರೆ ಬೇರೆ ಮಾತು. ಅದೇ ಪ್ರೋಗ್ರಾಮನ್ನು ಫ್ರೆಂಚ್ ಪದಗಳಲ್ಲಿ ಬರೆದು ಓಡಿಸಿದರು. ಆಮೇಲೆ ಜರ್ಮನ್ ಪದಗಳಲ್ಲಿ. ಮೂರಕ್ಕೂ ಕಂಪ್ಯೂಟರ್ ಒಳಗೆ ಹುಟ್ಟಿದ ಆಜ್ಞೆ ಒಂದೇ, ಉತ್ತರವೂ ಒಂದೇ. ಮೇಲಧಿಕಾರಿಗಳು ಖುಷಿ ಪಡುತ್ತಾರೆ ಅಂತ ನಾವು ಅಂದುಕೊಳ್ತೀವಿ. ಅವರು ಗಾಬರಿ ಬಿದ್ದರಂತೆ! ಅಮೆರಿಕದಲ್ಲಿ ತಯಾರಾದ ಕಂಪ್ಯೂಟರಿಗೆ ಫ್ರೆಂಚ್, ಜರ್ಮನ್ ಬರುವುದುಂಟೇ ಅಂತ. ಕೊನೆಗೆ ಗ್ರೇಸ್ ಮತ್ತು ಜೊತೆಗಾರರು ಇಂಗ್ಲಿಷ್ ಒಂದರಲ್ಲೇ ಮಾಡುತ್ತೇವೆ ಅಂತ ಒಪ್ಪಿಕೊಂಡು ಕೆಲಸ ಮುಂದುವರಿಸಬೇಕಾಯಿತು. ಈ ಕತೆಯನ್ನು ಅವರೇ ಭಾಷಣಗಳಲ್ಲಿ ನಗುತ್ತಾ ಹೇಳುತ್ತಿದ್ದರು. ನನಗೆ ನಗು ಬರಲಿಲ್ಲ. ಯಂತ್ರಕ್ಕೆ ಯಾವ ಭಾಷೆಯೂ ಬರುವುದಿಲ್ಲ, ಅದಕ್ಕೆ ಎಲ್ಲ ಪದವೂ ಬರೀ ಗುರುತು ಅಂತ 1955ರ ಸುಮಾರಿಗೇ ಒಬ್ಬರು ಮಾಡಿ ತೋರಿಸಿದ್ದಾರೆ. ನಾವು ಇಷ್ಟು ವರ್ಷವಾದ ಮೇಲೂ ಹಿಂದಿನ ಸಾಲಿನಲ್ಲಿ ಕೂತಿದ್ದೀವಿ.

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಾ ಇಲ್ಲ, ಇಂಗ್ಲಿಷ್ ಮೇಡಂ ತಪ್ಪು ತಿಳಿಯಬಾರದು. ದೊಡ್ಡ ಪುಸ್ತಕ ಓದೋಕೆ ಅದು ಬೇಕೇ ಬೇಕು. ಶುರು ಮಾಡೋಕೆ ಎಷ್ಟು ಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ. ಅದನ್ನು ನಮ್ಮ ಕಂಪ್ಯೂಟರ್ ಕೋಣೆಯಲ್ಲೇ ಮಾಡಿ ನೋಡಿದೆ. ನಮ್ಮ ಕಂಪ್ಯೂಟರಿನಲ್ಲಿ ಇರುವುದು ಉಬುಂಟು. ಅದರೊಳಗೆ ಪೈಥಾನ್ ಎಂಬ ಪ್ರೋಗ್ರಾಮ್ ಭಾಷೆ ಮೊದಲೇ ಇರುತ್ತದೆ, ಬೇರೆ ತಂದು ಹಾಕಬೇಕಾಗಿಲ್ಲ, ದುಡ್ಡೂ ಇಲ್ಲ. ಟರ್ಮಿನಲ್ ಎಂಬ ಕಿಟಕಿ ತೆರೆದು, ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಪೈಥಾನ್ ಅಂತ ಬರೆದು, ಜಾಗ ಬಿಡದೆ 3 ಹಾಕಿ, ಎಂಟರ್ ಒತ್ತಿದರೆ ಮೂರು ಬಾಣದ ತಲೆಗಳು ಬಂದು ನಿಲ್ಲುತ್ತವೆ. ಹೇಳು, ಕೇಳ್ತೀನಿ ಅಂತ ಅದರ ಅರ್ಥ.

ಪೈಥಾನ್ ತನಗೇ ಅಂತ ಮೀಸಲಿಟ್ಟುಕೊಂಡ ಪದಗಳು 35. ಅವನ್ನೂ, ಪ್ರಿಂಟ್, ಇನ್‌ಪುಟ್‌ನಂಥ ಇನ್ನು ಕೆಲವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕು. ಉಳಿದ ಹೆಸರುಗಳನ್ನು ನಾವು ಕನ್ನಡದಲ್ಲಿ ಇಡಬಹುದು, ಪೈಥಾನ್ 3 ಒಪ್ಪಿಕೊಳ್ಳುತ್ತದೆ. ಡೇರಿಗೆ ಹಾಲು ಹಾಕುವ ಲೆಕ್ಕ ಮಾಡಿದೆ. ಮೊದಲ ಸಾಲು ಹಾಲು = 6, ಎರಡನೇ ಸಾಲು ದರ = 35, ಮೂರನೇ ಸಾಲು ಪ್ರಿಂಟ್(ಹಾಲು * ದರ). ನಕ್ಷತ್ರದ ಗುರುತು ಅಂದರೆ ಗುಣಿಸು. ಎಂಟರ್ ಒತ್ತಿದೆ, 210 ಅಂತ ಬಂತು. ಆ ಕಪ್ಪು ಕಿಟಕಿಯಲ್ಲಿ ಕನ್ನಡ ಅಕ್ಷರ ಸ್ವಲ್ಪ ಒಡೆದು ಕಾಣಬಹುದು, ಹೆದರಬೇಡಿ, ಲೆಕ್ಕ ಸರಿಯಾಗೇ ಬರುತ್ತದೆ.

ಇನ್ನೊಂದು ಉಪಾಯ. ಬರೆ = ಪ್ರಿಂಟ್ ಅಂತ ಒಂದು ಸಾಲು ಕೊಟ್ಟರೆ, ಅಲ್ಲಿಂದ ಮುಂದೆ ಪ್ರಿಂಟ್ ಬದಲು ಬರೆ ಅಂತಲೇ ಆಜ್ಞೆ ಕೊಡಬಹುದು. ಗ್ರೇಸ್ ಮೂರು ಭಾಷೆಯಲ್ಲಿ ತೋರಿಸಿದ್ದರ ನೆರಳು ಇದೇ ತಾನೇ? ಈಗ ಟೆಕ್ಸ್ಟ್ ಎಡಿಟರಿನಲ್ಲಿ ಈ ಮೂರು ಸಾಲು ಬರೆಯಿರಿ.

ಬರೆ = ಪ್ರಿಂಟ್
ಫಾರ್ ಅಂಕಿ ಇನ್ ರೇಂಜ್(1, 11):
    ಬರೆ(17 * ಅಂಕಿ)

ಇದರಲ್ಲಿ ಪ್ರಿಂಟ್, ಫಾರ್, ಇನ್, ರೇಂಜ್ ಈ ನಾಲ್ಕನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು. ಇಲ್ಲಿ ಗೋಡೆ ಪತ್ರಿಕೆಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ಎರಡನೇ ಸಾಲಿನ ಕೊನೆಯ ಎರಡು ಚುಕ್ಕೆ ಮರೆಯಬಾರದು. ಮೂರನೇ ಸಾಲು ನಾಲ್ಕು ಅಕ್ಷರದಷ್ಟು ಒಳಗೆ ಸರಿದಿರಬೇಕು, ಆಗಲೇ ಅದು ಮೇಲಿನ ಸಾಲಿಗೆ ಸೇರಿದ್ದು ಅಂತ ಪೈಥಾನಿಗೆ ತಿಳಿಯುವುದು. ಒಂದು ಹೆಸರು ಕೊಟ್ಟು, ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಪಿ ವೈ ಅಕ್ಷರ ಹಾಕಿ ಉಳಿಸಿ. ಹೊಸದಾಗಿ ಟರ್ಮಿನಲ್ ತೆರೆದು ಪೈಥಾನ್3, ಆಮೇಲೆ ಜಾಗ ಬಿಟ್ಟು ಆ ಕಡತದ ಹೆಸರು ಕೊಟ್ಟರೆ ಹದಿನೇಳರ ಮಗ್ಗಿ 17ರಿಂದ 170ರವರೆಗೆ ಸರಸರ ಇಳಿಯುತ್ತದೆ. 11 ಅಂತ ಕೊಟ್ಟಿದ್ದು ಯಾಕೆಂದರೆ, ರೇಂಜ್ ಕೊನೆಯ ಸಂಖ್ಯೆಯ ಹಿಂದಿನದಕ್ಕೇ ನಿಲ್ಲುತ್ತದೆ. ಫಾರ್ ಸಾಲು ಮಾಡುವ ಕೆಲಸ ಯಾವುದು ಗೊತ್ತಾಯಿತೇ? ಕಾಗದದ ಪಟ್ಟಿಯ ತುದಿ ಅಂಟಿಸಿ ಬಳೆ ಮಾಡುತ್ತಿದ್ದರು ಅಂದೆನಲ್ಲ, ಅದೇ.

ಕನ್ನಡ ಅಂಕಿಗಳ ವಿಷಯ ತಮಾಷೆಯಾಗಿದೆ. ಪ್ರೋಗ್ರಾಮಿನ ಸಾಲಿನೊಳಗೆ ೩೫ ಅಂತ ಬರೆದರೆ ಪೈಥಾನ್ ಸಿಡುಕುತ್ತದೆ. ಆದರೆ ಇನ್‌ಪುಟ್ ಮೂಲಕ ಕೇಳಿಸಿ, ಕೊಟ್ಟ ಉತ್ತರವನ್ನು ಇಂಟ್ ಎಂಬುದರೊಳಗೆ ಹಾಕಿ ಸಂಖ್ಯೆ ಮಾಡಿಕೊಂಡರೆ, ನಮ್ಮಜ್ಜಿ ಬರೆಯುವ ೩೫ ಕೂಡ ಅದಕ್ಕೆ 35 ಅಂತಲೇ ಅರ್ಥವಾಗುತ್ತದೆ. ಮಾಡಿ ನೋಡಿ.

ಮತ್ತೆ ಗ್ರೇಸ್ ಕತೆಗೆ. ಅವರ ಇಂಗ್ಲಿಷ್ ಪದಗಳ ಭಾಷೆ ಫ್ಲೋ-ಮ್ಯಾಟಿಕ್ ಎಂಬ ಹೆಸರಿನಲ್ಲಿ 1958ರ ಹೊತ್ತಿಗೆ ಎಲ್ಲರಿಗೂ ಸಿಕ್ಕಿತು. ಆದರೆ ಒಂದೊಂದು ಕಂಪನಿಯ ಕಂಪ್ಯೂಟರಿಗೂ ಒಂದೊಂದು ಭಾಷೆ ಆಗಿಬಿಟ್ಟರೆ ಗತಿ ಏನು? 1959ರ ಮೇ ತಿಂಗಳಲ್ಲಿ ಸರ್ಕಾರದವರು, ಕಂಪನಿಯವರು ಎಲ್ಲ ಸೇರಿ ಎಲ್ಲ ಯಂತ್ರಕ್ಕೂ ಹೊಂದುವ ಒಂದೇ ಭಾಷೆ ಮಾಡಲು ಹೊರಟರು. ಅದೇ ಕೋಬಾಲ್. ಅದನ್ನು ಗ್ರೇಸ್ ಒಬ್ಬರೇ ಮಾಡಿದರು ಅನ್ನುವುದು ತಪ್ಪು. ಸಮಿತಿಯವರು ಕೂತು ಮಾಡಿದ್ದು. ಅದರಲ್ಲಿ ಜೀನ್ ಸ್ಯಾಮೆಟ್‌ರಂಥ ಇತರ ಮಹಿಳೆಯರೂ ಇದ್ದರು. ಗ್ರೇಸ್ ಸಲಹೆಗಾರರು, ಆದರೆ ಕೋಬಾಲಿಗೆ ಬೇರು ಅವರ ಫ್ಲೋ-ಮ್ಯಾಟಿಕ್. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮನ್ನು ಎರಡು ಬೇರೆ ಬೇರೆ ಕಂಪನಿಯ ಕಂಪ್ಯೂಟರುಗಳಲ್ಲಿ ಓಡಿಸಿ ತೋರಿಸಿದರು. ಆಗ ಅದು ಪವಾಡದಂಥದ್ದು.

ಬ್ಯಾಂಕು, ವಿಮೆ, ಸರ್ಕಾರಿ ಲೆಕ್ಕ ಎಲ್ಲ ಕೋಬಾಲಿಗೆ ಹೋಯಿತು. ಆಗ ಮೆಮೊರಿಗೆ ಬಹಳ ಬೆಲೆ, ಅದಕ್ಕೆ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯುತ್ತಿದ್ದರು. 1965 ಅಂದರೆ 65. ಇದರಿಂದ 2000ನೇ ಇಸವಿ ಬಂದಾಗ 00 ಅಂದರೆ 1900 ಅಂತ ಯಂತ್ರ ತಿಳಿದು ಎಡವಟ್ಟಾಗಬಹುದು ಅಂತ ಪ್ರಪಂಚವೆಲ್ಲ ಹೆದರಿತು. ಆ ಹಳೆಯ ಪ್ರೋಗ್ರಾಮುಗಳನ್ನು ರಿಪೇರಿ ಮಾಡುವ ಕೆಲಸ 1990ರ ದಶಕದ ಕೊನೆಯಲ್ಲಿ ನಮ್ಮ ಬೆಂಗಳೂರಿನ ಕಂಪನಿಗಳಿಗೂ ಬಂತು. ಎಷ್ಟೋ ಜನ ಎಂಜಿನಿಯರುಗಳು ಆಗ ಕೋಬಾಲ್ ಕಲಿತದ್ದು ಹೀಗೆ.

ನೌಕಾಪಡೆಯವರು 1966ರ ಕೊನೆಯಲ್ಲಿ ಗ್ರೇಸ್ ಅವರಿಗೆ ವಯಸ್ಸಾಯಿತು ಅಂತ ನಿವೃತ್ತಿ ಕೊಟ್ಟರು. ಎಂಟು ತಿಂಗಳೂ ಆಗಲಿಲ್ಲ, ತಮ್ಮ ಕಂಪ್ಯೂಟರುಗಳ ಭಾಷೆ ದಿಕ್ಕಾಪಾಲಾಗಿದೆ, ಬಂದು ಸರಿಮಾಡಿ ಅಂತ 1967ರ ಆಗಸ್ಟಿನಲ್ಲಿ ಆರು ತಿಂಗಳಿಗೆ ವಾಪಸ್ ಕರೆದರು. ಆ ಆರು ತಿಂಗಳು 19 ವರ್ಷ ನಡೆಯಿತು! 1985ರಲ್ಲಿ ಮುತ್ತಜ್ಜನ ಹಾಗೆ ರಿಯರ್ ಅಡ್ಮಿರಲ್ ಆದರು. 1986ರಲ್ಲಿ ಪೂರ್ತಿ ನಿವೃತ್ತಿಯಾದಾಗ ವಯಸ್ಸು 79, ಸೇವೆಯಲ್ಲಿದ್ದ ಅಧಿಕಾರಿಗಳಲ್ಲೇ ಎಲ್ಲರಿಗಿಂತ ಹಿರಿಯರು. ಆಮೇಲೂ ಮನೆಯಲ್ಲಿ ಕೂರದೆ ಒಂದು ಕಂಪ್ಯೂಟರ್ ಕಂಪನಿಗೆ ಸಲಹೆಗಾರರಾದರು. ಹಿಂದಿನಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ ಅನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದಕ್ಕೇ ತಮ್ಮ ಕಚೇರಿಯಲ್ಲಿ ಮುಳ್ಳು ಉಲ್ಟಾ ತಿರುಗುವ ಗಡಿಯಾರ ತೂಗುಹಾಕಿದ್ದರು. ಅದೂ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು.

ಪ್ರಶಸ್ತಿಗಳು ಬಹಳ ಬಂದವು, ಎಲ್ಲ ಬರೆಯಲು ಹಾಳೆ ಸಾಲದು. 1969ರಲ್ಲಿ ಒಂದು ಸಂಘದವರು ವರ್ಷದ ಪುರುಷ ಎಂಬ ಪ್ರಶಸ್ತಿಯನ್ನು ಈ ಹೆಂಗಸಿಗೇ ಮೊದಲು ಕೊಟ್ಟದ್ದನ್ನು ಮಾತ್ರ ಹೇಳದೆ ಇರಲಾರೆ. 1992ರ ಜನವರಿ 1ರಂದು, 85ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ಯುದ್ಧನೌಕೆ 1997ರಲ್ಲಿ ಸೇವೆಗೆ ಬಂತು. 2016ರಲ್ಲಿ ಅಮೆರಿಕದ ಅಧ್ಯಕ್ಷರು ಸ್ವಾತಂತ್ರ್ಯ ಪದಕವನ್ನು ಮರಣೋತ್ತರವಾಗಿ ಕೊಟ್ಟರು.

ಕೊನೆಯದಾಗಿ ತಂತಿಯ ವಿಷಯ. ಕಂಪ್ಯೂಟರಿನವರು ನ್ಯಾನೋಸೆಕೆಂಡ್ ಅನ್ನುತ್ತಾರೆ, ಅಂದರೆ ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟು ಚಿಕ್ಕ ಕಾಲ ಹೇಗಿರುತ್ತದೆ, ತಂದು ತೋರಿಸಿ ಅಂತ ಗ್ರೇಸ್ ಎಂಜಿನಿಯರುಗಳನ್ನು ಕೇಳಿದರಂತೆ. ಅಷ್ಟು ಹೊತ್ತಿನಲ್ಲಿ ವಿದ್ಯುತ್ತು ಹೆಚ್ಚೆಂದರೆ ಹೋಗಬಲ್ಲ ದೂರದಷ್ಟು ತಂತಿ ಕತ್ತರಿಸಿ ಕೊಟ್ಟರು, 11.8 ಅಂಗುಲ, ಅಂದರೆ ಸುಮಾರು 30 ಸೆಂಟಿಮೀಟರ್. ನಮ್ಮ ಜ್ಯಾಮಿಟ್ರಿ ಸ್ಕೇಲಿನ ಎರಡರಷ್ಟು. ಮೈಕ್ರೋಸೆಕೆಂಡಿಗೆ ಇದೇ ಲೆಕ್ಕದಲ್ಲಿ 984 ಅಡಿ ತಂತಿ ಬೇಕು, ಅದನ್ನು ಸುರುಳಿ ಸುತ್ತಿ ಹೊತ್ತು ತರುತ್ತಿದ್ದರು. ಭಾಷಣಕ್ಕೆ ಹೋದಲ್ಲೆಲ್ಲ ಚಿಕ್ಕ ತಂತಿಗಳನ್ನು ಕಟ್ಟುಕಟ್ಟಾಗಿ ಒಯ್ದು ಕೇಳಿದವರಿಗೆಲ್ಲ ಹಂಚುತ್ತಿದ್ದರು. ಕಂಪ್ಯೂಟರನ್ನು ಯಾಕೆ ಚಿಕ್ಕದು ಮಾಡುತ್ತಾ ಹೋಗಬೇಕು ಅಂತ ಆ ತಂತಿ ಹಿಡಿದವರಿಗೆ ಬೇರೆ ವಿವರಣೆ ಬೇಕಾಗುತ್ತಿರಲಿಲ್ಲ.

ಈ ಹಾಳೆಯ ಬಲಗಡೆ ಮೊಳೆಗೆ ಒಂದು ತಂತಿ ಕಟ್ಟಿದ್ದೇನೆ. ಸ್ಕೇಲ್ ಇಟ್ಟು ಅಳೆದು 11.8 ಅಂಗುಲಕ್ಕೇ ಕತ್ತರಿಸಿದ್ದು. ಎಲ್ಲರೂ ಮುಟ್ಟಿ ನೋಡಬಹುದು. ದಯವಿಟ್ಟು ಯಾರೂ ಕಿತ್ತುಕೊಂಡು ಹೋಗಬೇಡಿ, ಬೇಕಾದವರು ಕೇಳಿದರೆ ಇನ್ನೊಂದು ಕತ್ತರಿಸಿ ಕೊಡ್ತೀನಿ.